ನನ್ನ ಬೈಗುಳ ಹೆಕ್ಕಿಕೊಂಡು ಹೋದ ಹುಡುಗಿ

ತಲೆಯ ಬಲಭಾಗವನ್ನು ನುಣ್ಣಗೆ ಬೋಳಿಸಿ, ಎಡಭಾಗದ ಕೂದಲನ್ನು ಸೊಂಟದವರೆಗೆ ಇಳಿಬಿಟ್ಟ ಹೆಂಗಸೊಬ್ಬಳು ನಿಮ್ಮ ಪಕ್ಕದಲ್ಲಿ ಬಂದು ಕೂತರೆ ನೀವೇನು ಕೇಳುತ್ತೀರಿ? ಏನೂ ಕೇಳುವುದಿಲ್ಲವೇ? ಸುಳ್ಳು ಹೇಳಬೇಡಿ. ಬಾಯಿ ಬಿಟ್ಟು ಕೇಳದಿದ್ದರೂ ಹೊಟ್ಟೆಯೊಳಗೆ ಕೇಳಿಕೊಂಡೇ ಇರುತ್ತೀರಿ. ನಾನು ಬಾಯಿ ಬಿಟ್ಟೇ ಕೇಳಿದೆ.

ಆಗ ನಾನು ಗೋವಾದ ಅಂಜುಣಾ ಸಮುದ್ರದ ದಂಡೆಯಲ್ಲಿ ಕವಡೆ ಸರ, ಬಳೆ, ಕಾಲ್ಗೆಜ್ಜೆ, ಕನ್ನಡಿ ಹಚ್ಚಿದ ಚೀಲ ಹರವಿಕೊಂಡು ಕೂರುತ್ತಿದ್ದೆ. ಅವಳು ಬಂದು ನನ್ನ ಚಾಪೆಯ ಅಂಚಿಗೆ ಕಾಲು ಚಾಚಿ ಕೂತಳು. ಬೋಳು ಭಾಗಕ್ಕೆ ಮರಳು ಅಂಟಿಕೊಂಡು ಫಳಫಳ ಎನ್ನುತ್ತಿತ್ತು. ಕಿವಿಯ ತುದಿಯಿಂದ ಬುಡದವರೆಗೂ ರಿಂಗುಗಳ ಸಾಲು. ಆ ಸುಡುಬಿಸಿಲಿನಲ್ಲಿ ಮೊಣಕಾಲಿನವರೆಗೆ ಕರಿ ಬೂಟು. ಮುಂಬೈಯವಳೋ ದಿಲ್ಲಿಯವಳೋ ಇರಬೇಕು, ಕನ್ನಡ ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯದಲ್ಲಿ, ಪಕ್ಕದಲ್ಲಿ ಶೇಂಗಾ ಮಾರುತ್ತಿದ್ದವಳಿಗೆ ಹೇಳಿದೆ:

"ನೋಡ ಇಕಿನ್ನ. ದೇವರಿಗೆ ಅರ್ಧಾ ಮುಡಿ ಕೊಟ್ಟು ಉಳದರ್ಧಾ ಮುಚ್ಚಿಟ್ಕೊಂಡಾಳ. ಎಂಥಾ ಜುಗ್ಗಿ ಇದ್ದಾಳು!"

ಅವಳು ಸಮುದ್ರದ ಕಡೆಯಿಂದ ಮುಖ ತಿರುಗಿಸಲೂ ಇಲ್ಲ. "ಪೂರಾ ಕೊಡಾಕ ಹೋಗಿದ್ನಿರಿ ಆಯಿ. ದೇವರ 'ಅರ್ಧಾ ಸಾಕು, ಹೋಗವಾ' ಅಂದ."

ಅಚ್ಚ ಧಾರವಾಡ ಕಡೆಯ ಮಾತು. ಶೇಂಗಾದವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ನಾಚುವ ಪೈಕಿ ಅಲ್ಲ, ನಕ್ಕುಬಿಟ್ಟೆ.

"ಏನ ಕೆಲಸಾ ಮಾಡ್ತಿಯವಾ?"

"ನೋಡ್ತೇನ್ರಿ."

"ಏನ ನೋಡ್ತಿ?"

"ಹುಡುಗ್ರು ಹುಡುಗ್ಯಾರು ಏನ ಹಾಕ್ಕೊಂಡಾರ, ಅದನ್ನ."

"ಅದನ್ನ ನಾನೂ ದಿನಾ ನೋಡ್ತೇನಿ. ಪಗಾರ ಕೊಡ್ತಾರೇನು ಅದಕ್ಕ?"

"ಕೊಡ್ತಾರ್ರಿ."

"ಹಂಗಾರ ನನ್ನನ್ನೂ ಸೇರಿಸ್ಕೋ ಅಂತ ಹೇಳ ನಿಮ್ಮ ಕಂಪನಿಗೆ."

ಹೀಗೆ ನಮ್ಮ ಸ್ನೇಹ ಶುರುವಾಯಿತು. ಮುಂಬೈಯ ಒಂದು ಬಟ್ಟೆ ಕಂಪನಿ ಅವಳನ್ನು ಪ್ರತಿ ಚಳಿಗಾಲ ಗೋವಾಕ್ಕೆ ಕಳಿಸುತ್ತಿತ್ತು. ಸಮುದ್ರದ ದಂಡೆಗೆ ಬರುವ ತರುಣರಲ್ಲಿ ಎಷ್ಟು ಥರ! ಕೂದಲನ್ನು ಕೋಳಿಯ ಜುಟ್ಟಿನಂತೆ ನಿಲ್ಲಿಸಿಕೊಂಡವರು, ತುಟಿಗೆ ಕಾಡಿಗೆಯಂಥ ಬಣ್ಣ ಬಳಿದುಕೊಂಡವರು, ಮೀನಿನ ಬಲೆಯನ್ನೇ ಅಂಗಿ ಮಾಡಿ ತೊಟ್ಟವರು. ಒಂದೊಂದು ಗುಂಪಿಗೆ ಒಂದೊಂದು ಹಾಡು, ಒಂದೊಂದು ವೇಷ. ಇವತ್ತು ಅವರು ತಮ್ಮ ತಮ್ಮಲ್ಲೇ ಹಾಕಿಕೊಂಡು ತಿರುಗುವುದು ಎರಡು ವರ್ಷಕ್ಕೆ ಪಣಜಿಯ ಅಂಗಡಿಗೆ ಬರುತ್ತದಂತೆ. ಯಾವುದು ಬರುತ್ತದೆ, ಯಾವುದು ಅಲ್ಲೇ ಸಾಯುತ್ತದೆ ಎಂದು ಮೊದಲೇ ಹೇಳುವುದು ಅವಳ ಕೆಲಸ. ನಾನು ಅವಳನ್ನು 'ನೋಡೋ ಹುಡುಗಿ' ಎಂದೆ. ಹುಡುಗಿಯೇನಲ್ಲ, ಮೂವತ್ತು ದಾಟಿದ್ದಳು. ನನಗೆ ಎಲ್ಲರೂ ಹುಡುಗಿಯರೇ.

ಅವಳು ನೋಡುವುದಕ್ಕೂ ಒಂದು ಕ್ರಮವಿತ್ತು. ಮೊದಲು ಕಾಲು, ಆಮೇಲೆ ಸೊಂಟ, ಮುಖ ಕೊನೆಗೆ. ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಫೋನು ಎತ್ತಿ ಯಾರ ಮುಖವನ್ನೂ ಹಿಡಿಯುತ್ತಿರಲಿಲ್ಲ. ಚುರಮುರಿ ಪೊಟ್ಟಣದಿಂದ ಮೊದಲು ಶೇಂಗಾಬೀಜಗಳನ್ನಷ್ಟೇ ಆರಿಸಿ ತಿಂದು, ಉಳಿದದ್ದನ್ನು ನನಗೆ ದಾಟಿಸುತ್ತ ಕೂತಿರುತ್ತಿದ್ದಳು. "ಅಂಗಡ್ಯಾಗ ತಗೊಂಡಿದ್ದು ನನಗ ಬ್ಯಾಡ ಆಯಿ," ಎನ್ನುತ್ತಿದ್ದಳು. "ತಾವ ಹರದು, ತಾವ ಹೊಲಕೊಂಡಿರ್ತಾರಲ್ಲ, ಅದು ಬೇಕು." ಬಿಸಿಲಲ್ಲಿ ಆ ಬೂಟು ಯಾಕೆ ಎಂದರೆ, "ಇದು ಇಲ್ಲಂದ್ರ ಅವರು ನನ್ನ ಯಾರದೋ ಅವ್ವ ಹುಡುಕ್ಕೊಂಡು ಬಂದಾಳ ಅಂತ ಎದ್ದು ಹೋಗ್ತಾರ" ಎಂದು ನಗುತ್ತಿದ್ದಳು. ಸಂಜೆ ಬೂಟು ಬೋರಲು ಹಾಕಿ ತಟ್ಟಿದರೆ ಅರ್ಧ ದಂಡೆಯೇ ಸುರಿಯುತ್ತಿತ್ತು.

ಅಷ್ಟು ದೊಡ್ಡ ದಂಡೆಯಲ್ಲಿ ನನ್ನ ಚಾಪೆಯೇ ಯಾಕೆ ಬೇಕಾಗಿತ್ತು ಎಂಬುದು ನನಗೆ ತಿಳಿದದ್ದು ಎರಡನೇ ವರ್ಷ. ಒಬ್ಬ ಹುಡುಗ ಅಂಗಿಯ ಒಳಮೈ ಹೊರಗೆ ಮಾಡಿ ತೊಟ್ಟು ಬಂದ. ಹೊಲಿಗೆ, ದಾರ, ಕತ್ತಿನ ಚೀಟಿ ಎಲ್ಲ ಹೊರಗೆ ಜೋತಾಡುತ್ತಿದ್ದವು. "ಇವನವ್ವ ಇವಗ ಅಂಗಿ ತೊಡೋದೂ ಕಲಿಸಿಲ್ಲೇನು? ಕತ್ತಲದಾಗ ಹಾಕ್ಕೊಂಡು ಬಂದಾನ ಕತ್ತಿ!" ಎಂದೆ. ಇವಳ ಬೆನ್ನು ನೆಟ್ಟಗಾಯಿತು. ಆ ಹುಡುಗನನ್ನು ಕಾಲಿನಿಂದ ಕತ್ತಿನವರೆಗೆ ನೋಡಿ, ಫೋನಿಗೆ ಏನೋ ಪಿಸುಗುಟ್ಟಿದಳು.

"ಏನವಾ, ನಾ ಬೈದಿದ್ದನ್ನ ಅವಗ ಹೇಳ್ತೀಯೇನು?"

"ಇಲ್ಲ ಆಯಿ, ಕಂಪನಿಗೆ ಹೇಳಾಕತ್ತೇನಿ. ಮಂದಿ ಚಲೋ ಐತಿ ಅಂದ್ರ ಅದು ಹಳೇದಾಗೈತಿ ಅಂತ. ಬೈಯಾಕ ಸುರು ಮಾಡಿದ್ರ ಈಗಷ್ಟ ಹುಟ್ಟೈತಿ ಅಂತ. ಈ ದಂಡ್ಯಾಗ ನಿನ್ನಂಗ ಬೈಯಾವರು ಯಾರೂ ಇಲ್ಲ. ಅದಕ್ಕ ಇಲ್ಲೇ ಕೂಡ್ತೇನಿ."

ನೋಡಿ, ಇಷ್ಟು ದಿನ ನನ್ನ ನಾಲಿಗೆಯನ್ನು ಅವಳು ಪುಕ್ಕಟೆ ದುಡಿಸಿಕೊಂಡಿದ್ದಳು! ಆಮೇಲೆ ನಾನು ಸುಮ್ಮನಿರುತ್ತೇನೆಯೇ? ಕಂಡಕಂಡದ್ದನ್ನೆಲ್ಲ ಬೈಯತೊಡಗಿದೆ. ಮರಳಿನಲ್ಲಿ ಮಲಗಿದ್ದ ಆಕಳಿನ ಕೊರಳಲ್ಲಿ ಯಾರೋ ಹೂವಿನ ಸರ ಹಾಕಿದ್ದರು. "ಈ ವಯಸ್ಸಿನಾಗ ಇದಕ್ಕ ಸಿಂಗಾರ ಬೇಕಾಗಿತ್ತೇನ?" ಎಂದೆ. ಅವಳು ಗಂಭೀರವಾಗಿ ಫೋನು ತೆಗೆದು, "ಬರಕೊಳ್ರಿ, ಎರಡು ವರ್ಷಕ್ಕ ಆಕಳು ಬರ್ತೈತಿ" ಎಂದಳು. ಆದರೆ ಒಳಮೈ ಹೊರಗಾದ ಅಂಗಿಯ ಮಾತು ಸುಳ್ಳಾಗಲಿಲ್ಲ. ಎರಡು ವರ್ಷಕ್ಕೆ ನನ್ನ ಮೊಮ್ಮಗನೇ ಪಣಜಿಯಿಂದ ಅಂಥದೊಂದನ್ನು ಕೊಂಡು ತಂದ. ಅವನಿಗೂ ಅದೇ ಬೈಗುಳ ಬಿತ್ತು.

ಮಂಡಿನೋವು ಬಂದು ನಾನು ದಂಡೆಗೆ ಹೋಗುವುದನ್ನು ಬಿಟ್ಟೆ. ಅವಳು ನಮ್ಮನ್ನು ಬಿಡಲಿಲ್ಲ. ಪಣಜಿ ಹತ್ತಿರದ ಚಿಂಬಲ್‌ನ ನಮ್ಮ ಓಣಿಗೇ ಬರತೊಡಗಿದಳು. ಹುಡುಗರು 'ಅರ್ಧತಲಿ ಅಕ್ಕಾ ಬಂದ್ಲು' ಎಂದು ಕೂಗುತ್ತ ಹಿಂದೆ ಓಡುತ್ತಿದ್ದರು. ನನಗೆ ಫೋನಿನಲ್ಲಿ ಕನ್ನಡ ಒತ್ತಲು ಕಲಿಸಿದವಳು ಅವಳೇ. "ಮಾತಾಡಿದ್ರ ಫೋನು ತಾನ ಬರಕೋತೈತಂತಲ್ಲ?" ಎಂದು ನಾನು ಕೇಳಿದರೆ, "ಅದಕ್ಕ ನಿನ್ನ ಬೈಗುಳ ತಿಳಿಯೂದಿಲ್ಲ ಆಯಿ, ಎಲ್ಲಾ ಸಭ್ಯ ಮಾಡಿ ಬರೀತೈತಿ. ಬೆರಳಿಂದ ಒತ್ತು" ಎಂದಳು. ಒತ್ತಕ್ಷರಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಈಗ ಇದನ್ನೆಲ್ಲ ಆ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ.

ಒಂದು ಚಳಿಗಾಲ ಬಂದಾಗ ಅವಳ ಎಡಭಾಗದ ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ದಂಡೆಯ ಹುಡುಗರು ಈಗ ತನ್ನನ್ನು ಆಂಟಿ ಎನ್ನುತ್ತಾರೆ ಎಂದು ನಕ್ಕಳು. ಆ ನಗು ಪೂರ್ತಿ ಬರಲಿಲ್ಲ. ಕೆದಕಿ ಕೇಳಿದೆ. ಕಂಪನಿಯವರು ಒಂದು ಕಂಪ್ಯೂಟರ್ ವ್ಯವಸ್ಥೆ ತಂದಿದ್ದರಂತೆ. ಜಗತ್ತಿನ ತರುಣರು ಫೋನಿನಲ್ಲಿ ಹಾಕುವ ಫೋಟೋಗಳನ್ನೆಲ್ಲ ಅದು ನೋಡಿ, ಮುಂದೆ ಯಾವುದು ಬರುತ್ತದೆಂದು ತಾನೇ ಹೇಳುತ್ತದಂತೆ. ಈ ಸಲ ಅದಕ್ಕೆ ಕಾಣದ ಒಂದೇ ಒಂದು ಹೊಸದನ್ನು ತಂದರೆ ಇವಳ ಕೆಲಸ ಉಳಿಯುತ್ತದೆ, ಇಲ್ಲವಾದರೆ ಮುಂದಿನ ವರ್ಷ ಗೋವಾ ಇಲ್ಲ.

"ದಂಡ್ಯಾಗ ಏನೂ ಇಲ್ಲ ಆಯಿ. ಹುಟ್ಟೂಕಿಂತ ಮೊದಲ ಫೋನಿನ್ಯಾಗ ಇರ್ತೈತಿ."

ಅವತ್ತು ಸಂಜೆ ಒಳಗೆ ಸೆಕೆ ಎಂದು ಇಬ್ಬರೂ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತಿದ್ದೆವು. ವೆರ್ಣಾದ ಕಂಪನಿ ಬಸ್ಸು ಬಂದು ನಿಂತಿತು. ನನ್ನ ಕಿರಿ ಸೊಸೆ ಅಲ್ಲಿನ ಔಷಧಿ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಹೊಸದಾಗಿ ಸೇರಿದ್ದಳು. ಅವಳೂ ಅವಳ ಜೊತೆಯ ಹುಡುಗಿಯರೂ ಒಬ್ಬೊಬ್ಬರಾಗಿ ಇಳಿದರು. ಇಳಿದಂತೆ ಘಲ್ ಘಲ್ ಎಂದು ಗಾಜಿನ ಬಳೆಗಳ ಸಪ್ಪಳ. ನೋಡಿದರೆ ಯಾರ ಕೈಯಲ್ಲೂ ಬಳೆ ಇಲ್ಲ. ಹೆಗಲ ಚೀಲದ ಬಾರಿಗೆ ಸಾಲಾಗಿ ಪೋಣಿಸಿಕೊಂಡಿದ್ದರು! ಒಬ್ಬಳದು ಪೂರಾ ಹಸಿರು, ಒಬ್ಬಳದು ಹಸಿರಿನ ನಡುವೆ ಕರಿಯದು, ಬಡಿದು ಒಡೆಯಬಾರದೆಂದು ನಡುನಡುವೆ ಬಣ್ಣದ ದಾರದ ಗಂಟು.

ನಾನು ಏನೂ ಅನ್ನಲಿಲ್ಲ.

ಹುಡುಗಿಯರು ಓಣಿಯ ತಿರುವಿನಲ್ಲಿ ಮರೆಯಾದರು. ನೋಡೋ ಹುಡುಗಿ ಅವರ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆಯಿ, ನೀ ಬೈಲಿಲ್ಲ."

"ಬೈಯೂದೇನೈತಿ ಅದರಾಗ?"

"ಇಷ್ಟ ವರ್ಷದಾಗ ಇದ ಮೊದಲ ಸಲಾ. ಏನಾತು?"

ಹೇಳಿದೆ. ನನ್ನ ಗಂಡ ಸಾವರ್ಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ. ಮನೆ ಮುಂದೆ ಲಾರಿ ಬಂದ್ ಮಾಡಿ, ಇಳಿಯುವ ಮೊದಲು ಸುಮ್ಮನೆ ಕೂತಿರುತ್ತಿದ್ದ. ಒಳಗೆ ರೊಟ್ಟಿ ತಟ್ಟುವ ನನ್ನ ಬಳೆ ಸಪ್ಪಳ ಕೇಳಿದ ಮೇಲೆಯೇ ಇಳಿಯುತ್ತಿದ್ದ. ಅವನು ಹೋದ ದಿನ ಆ ಸಪ್ಪಳವೂ ಹೋಯಿತು. ದಂಡೆಯಲ್ಲಿ ಎಷ್ಟೋ ದೇಶದವರ ಕೈಗೆ ನಾನು ಬಳೆ ತೊಡಿಸಿದ್ದೇನೆ. ನನ್ನ ಕೈಗೆ ತೊಡುವ ಹಾಗಿರಲಿಲ್ಲ.

ಅವಳು ಶೇಂಗಾಬೀಜ ಆರಿಸದೆ ಚುರಮುರಿ ಪೊಟ್ಟಣವನ್ನು ಇಡೀ ನನಗೇ ಕೊಟ್ಟಳು.

ಸೊಸೆಯನ್ನು ಕೇಳಿದಾಗ ವಿಷಯ ತಿಳಿಯಿತು. ಕಾರ್ಖಾನೆಯ ಬಾಗಿಲಲ್ಲಿ ಬಳೆ, ಕಿವಿಯೋಲೆ, ಫೋನು ಎಲ್ಲ ಬಿಚ್ಚಿಡಬೇಕು. ಗಾಜಿನ ಬಳೆಯನ್ನು ದಿನಾ ತೆಗೆದು ದಿನಾ ತೊಟ್ಟರೆ ಉಳಿಯುತ್ತದೆಯೇ?

"ಬಳಿ ಇಲ್ಲದ ಹೊಸ್ತಿಲಾ ದಾಟಬ್ಯಾಡ ಅಂತ ನೀವ ಅಂದಿದ್ರಲ್ರಿ ಅತ್ತಿ? ದಾಟಿಲ್ಲ. ನನ್ನ ಜೋಡಿನ ಅದಾವು. ಕೈಯಾಗಿಲ್ಲ, ಹೆಗಲಾಗ ಅದಾವು. ಬಸ್ಸಿನ್ಯಾಗಿನ ಹುಡುಗ್ಯಾರೆಲ್ಲಾ ಹಿಂಗ ಮಾಡ್ತಾರ. ದಾರದ ಗಂಟ ನೋಡಿದ್ರ ಯಾರು ಯಾವ ಶಿಫ್ಟಿನಾಕಿ ಅಂತ ಗೊತ್ತಾಗ್ತೈತಿ."

ನೋಡೋ ಹುಡುಗಿ ಎದ್ದು ನಿಂತುಬಿಟ್ಟಳು. "ಆಯಿ, ಇದು! ಇದು ಯಾರ ಫೋನಿನ್ಯಾಗೂ ಇಲ್ಲ!"

ಸೊಸೆಯ ಮುಖ ಇಳಿಯಿತು. "ಫೋಟೋ ಮಾತ್ರ ಬ್ಯಾಡ್ರಿ ಅಕ್ಕಾರ. ಸೂಪರ್‌ವೈಜರ್ ಕಣ್ಣಿಗೆ ಬಿತ್ತಂದ್ರ ಚೀಲಕ್ಕೂ ಹಾಕಬ್ಯಾಡ್ರಿ ಅಂತಾನ. ಆಮ್ಯಾಲ ಎಲ್ಲಿ ಇಡೂಣು?"

"ಇಲ್ಲವಾ, ಆಣಿ ಮಾಡ್ತೇನಿ," ಎಂದಳು ಇವಳು.

ಅವತ್ತು ನಮ್ಮ ಮನೆಯ ನೆಲದ ಮೇಲೆ ಕೂತು ಚೀಲ, ಬಾರು, ಬಳೆ, ಗಂಟು ಎಲ್ಲವನ್ನೂ ಕೈಯಿಂದ ಚಿತ್ರ ಬಿಡಿಸಿ, ಯಾಕೆ ಹೀಗೆ ಎಂದು ಬರೆದು ಮುಂಬೈಗೆ ಕಳಿಸಿದಳು. ಕಾರ್ಖಾನೆಯ ಹೆಸರಿಲ್ಲ, ಊರಿಲ್ಲ, ಯಾರ ಮುಖವೂ ಇಲ್ಲ. ಉತ್ತರ ಬಂದಾಗಲೂ ನಮ್ಮ ಹೊಸ್ತಿಲಲ್ಲೇ ಕೂತಿದ್ದಳು. ನನಗೆ ಓದಿ ಹೇಳಿದಳು. ಇಂಥದ್ದರ ಒಂದು ಫೋಟೋ ಕೂಡ ಕಂಪ್ಯೂಟರಿಗೆ ಸಿಗಲಿಲ್ಲವಂತೆ, ಆದ್ದರಿಂದ ಇದು ಇಲ್ಲವಂತೆ. ಇದೆ ಎನ್ನುವುದಾದರೆ ಹುಡುಗಿಯರ ಫೋಟೋ ಕಳಿಸಬೇಕಂತೆ.

"ಕಾಣದ್ದ ತಾ ಅಂದಾವರೂ ಅವರ, ಕಾಣೂದಿಲ್ಲ ಅಂದ್ರ ಇಲ್ಲ ಅನ್ನಾವರೂ ಅವರ!" ಎಂದು ನಾನು ಆ ಕಂಪ್ಯೂಟರಿನ ಮೂರು ತಲೆಮಾರು ಬೈದೆ. ಆಮೇಲೆ ಮೆತ್ತಗೆ ಹೇಳಿದೆ, "ಮಾರಿ ಕಾಣದಂಗ ಒಂದ ತಗದು ಕಳಿಸಿಬಿಡ. ಯಾರಿಗೆ ತಿಳೀತೈತಿ?"

"ಗಂಟಿನ ಮ್ಯಾಲ ಶಿಫ್ಟ ತಿಳೀತೈತಿ ಆಯಿ. ಆಣಿ ಮಾಡೇನಿ." ಕೈಯಲ್ಲಿದ್ದ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಕಣ್ಣಲ್ಲಿ ನೀರು ಬಂತು. "ಖಾರ ಆತು," ಎಂದಳು. ತಿನ್ನುತ್ತಿದ್ದದ್ದು ಶೇಂಗಾ ಹೋಳಿಗೆ.

ಫೋಟೋ ಕಳಿಸಲಿಲ್ಲ. ಕೆಲಸ ಹೋಯಿತು.

ಊರಿಗೆ ಹೊರಡುವ ದಿನ ನನ್ನ ಹಳೆಯ ಸಂತೆ ಚೀಲ ಕೊಡು ಎಂದು ಇಸಿದುಕೊಂಡು, ಹಿತ್ತಲಿನಲ್ಲಿ ಸೊಸೆಯ ಜೊತೆ ಗುಸುಗುಸು ಮಾಡುತ್ತ ಕೂತಳು. ಚೀಲ ವಾಪಸು ಬಂದಾಗ ಅದರ ಬಾರಿನ ತುಂಬ ಹಸಿರು ಗಾಜಿನ ಬಳೆ.

"ಹುಚ್ಚಿ, ನಾ ಹಾಕ್ಕೊಳ್ಳೂ ಹಂಗಿಲ್ಲ!"

"ನೀ ಎಲ್ಲಿ ಹಾಕ್ಕೊಂಡಿ? ಚೀಲ ಹಾಕ್ಕೊಂಡೈತಿ," ಎಂದಳು. ಸೊಸೆ ಮುಖ ಆಚೆ ತಿರುಗಿಸಿ ನಗುತ್ತಿದ್ದಳು. ಆಮೇಲೆ ಅವಳು ಬೂಟು ಹಾಕಿಕೊಂಡು, ಬಗ್ಗಿ ನನ್ನ ಕಾಲು ಮುಟ್ಟಿ, ಬಸ್ಸು ಹತ್ತಿ ಹೋದಳು. ಈಗ ಊರಿನಲ್ಲಿ ಹೊಲಿಗೆ ಕಲಿಸುತ್ತಾಳೆ. ಸೊಸೆಯೂ ಆ ಕಾರ್ಖಾನೆ ಬಿಟ್ಟಿದ್ದಾಳೆ, ಅವಳ ಜೊತೆಯವರೂ ಬೇರೆ ಬೇರೆ ಕಡೆ ಚದುರಿದ್ದಾರೆ. ಅದಕ್ಕೇ ಇಷ್ಟೆಲ್ಲ ಬರೆಯುವ ಧೈರ್ಯ.

ಆ ಚೀಲ ಎಷ್ಟೋ ದಿನ ಗೂಟದಲ್ಲೇ ಇತ್ತು. ಗಾಳಿಗೆ ಒಮ್ಮೊಮ್ಮೆ ತಾನೇ ಘಲ್ ಎನ್ನುತ್ತಿತ್ತು. ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳುತ್ತಿದ್ದೆ. ಮೊನ್ನೆ ಒಂದು ಬೆಳಿಗ್ಗೆ ಏನನ್ನಿಸಿತೋ, ಹೆಗಲಿಗೆ ಹಾಕಿಕೊಂಡು ಮೀನು ಮಾರುಕಟ್ಟೆಯ ಪಕ್ಕದ ಕಾಯಿಪಲ್ಯೆ ಸಾಲಿನವರೆಗೂ ಹೋಗಿಬಂದೆ. ಮಂಡಿ ನೋಯುತ್ತಿತ್ತು. ಆದರೂ ಬೇಕೆಂದೇ ಕಾಲು ಎತ್ತೆತ್ತಿ ಇಟ್ಟೆ, ಚೆನ್ನಾಗಿ ಸಪ್ಪಳವಾಗಲಿ ಎಂದು. ಓಣಿಯ ನಳದ ಹತ್ತಿರ ಮೇಲಿನ ಮನೆಯ ಹಿರಿಯಾಕೆ ಕೊಡ ತುಂಬುತ್ತಿದ್ದಳು. ನನಗಿಂತ ಹಿರಿಯಳು, ಅವಳ ಕೈಯೂ ನನ್ನದರಂತೆಯೇ ಬರಿದು. ಕೊಡ ತುಂಬಿ ಹರಿದರೂ ನೋಡದೆ ನನ್ನ ಬೆನ್ನಿಗೆ ಕೂಗಿದಳು: "ಗಂಡ ಸತ್ತಾಕಿ ಬಳಿ ಸಪ್ಪಳಾ ಮಾಡ್ಕೋತ ಹೊಂಟಾಳ ನೋಡ, ನಾಚಿಗ್ಗೇಡಿ!"

ಮನೆಗೆ ಬಂದು ಚೀಲ ಇಳಿಸುವ ಮೊದಲೇ ಒಂದು ಬೆರಳಿನಿಂದ, ಒತ್ತಕ್ಷರ ಸಮೇತ, ನಡೆದದ್ದೆಲ್ಲ ಒತ್ತಿ ನೋಡೋ ಹುಡುಗಿಗೆ ಕಳಿಸಿದೆ. ಚೀಲವನ್ನು ತಿರುಗಿ ಗೂಟಕ್ಕೆ ಹಾಕಲೇ ಎಂದೂ ಕೇಳಿದೆ.

ಉತ್ತರ ತಟ್ಟನೆ ಬಂತು:

"ಬೈದ್ಲಾ? ಹಂಗಾರ ಹುಟ್ಟೇಬಿಡ್ತು ಆಯಿ! ಎರಡು ವರ್ಷ ತಡಿ, ಆಕಿನೂ ಹಾಕ್ಕೋತಾಳ."