ಪಾರ್ಕಿನ ಗೇಟಿಗೆ ಕಟ್ಟಿದ್ದ ಕಾಗದ

ಕಬ್ಬಿಣದ ಗೇಟು ಕಂಡರೆ ನನ್ನ ಬಲಗೈ ಈಗಲೂ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಮಳೆ ನಿಂತು ಎರಡು ತಿಂಗಳಾಯಿತು. ಆದರೂ ಅಂದು ಗೇಟಿಗೂ ನನ್ನ ಕೈಗೂ ನಡುವೆ ಉಳಿದಿದ್ದ ಗೇಣು ಜಾಗ ದಿನಕ್ಕೊಮ್ಮೆಯಾದರೂ ಕಣ್ಣ ಮುಂದೆ ಬರುತ್ತದೆ.

ಚೆನ್ನೈನ ತಾಂಬರಂನಲ್ಲಿ ನಮ್ಮ ಬಡಾವಣೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ದೊಡ್ಡವರಿಗೆ ಓದುಬರಹದ ತರಗತಿ ನಡೆಯುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ತಮಿಳು ಕಲಿಸುತ್ತಾರೆ. ನಾನು ಇಂಗ್ಲಿಷ್ ಅಕ್ಷರಗಳನ್ನೂ ಅರ್ಜಿ ತುಂಬುವುದನ್ನೂ ಹೇಳಿಕೊಡುತ್ತೇನೆ. ಮೈಸೂರು ಬಿಟ್ಟು ಒಂಬತ್ತು ವರ್ಷ. ತಮಿಳು ಮಾತಾಡುತ್ತೇನೆ, ಓದಲು ಬರುವುದಿಲ್ಲ. ತರಗತಿಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ನಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವ ಹೆಂಗಸು ಅಲ್ಲಿಗೆ ಬರುತ್ತಾರೆ. ಹೊಸೂರು ಕಡೆಯವರು, ಮನೆಮಾತು ಕನ್ನಡ, ವಯಸ್ಸು ಐವತ್ತು ದಾಟಿದೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹತ್ತುವ ಜನರನ್ನು ನೋಡಿ ಬಸ್ಸು ಗುರುತಿಸಿ, ಬಣ್ಣ ನೋಡಿ ಮಾತ್ರೆ ನುಂಗಿ ಇಷ್ಟು ಕಾಲ ಕಳೆದಿದ್ದರು. ಮೇಷ್ಟ್ರದು ಒಂದೇ ಕಟ್ಟಳೆ: ಅಂದಾಜು ಮಾಡಬಾರದು. ದಾರಿಯಲ್ಲಿ ಕಂಡ ಬರಹವನ್ನು ಕೊನೆಯ ಅಕ್ಷರದವರೆಗೂ ಓದಬೇಕು. ಆಕೆ ಅದನ್ನು ವ್ರತದಂತೆ ಹಿಡಿದರು. ತರಗತಿಗೆ ನಾವು ಜೊತೆಯಾಗಿ ಹೋಗುತ್ತಿದ್ದೆವು. ಒಂದೊಂದು ಬೋರ್ಡಿನ ಮುಂದೆಯೂ ಆಕೆ ನಿಂತುಬಿಡುತ್ತಿದ್ದರು. ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ.

ಆ ಭಾನುವಾರ ರಾತ್ರಿಯಿಡೀ ಸುರಿದ ಮಳೆ ಬಿಟ್ಟಿತ್ತು. ಬೀದಿಯಲ್ಲಿ ಕಣಕಾಲು ಮುಳುಗುವಷ್ಟು ನೀರು. ಪಾರ್ಕಿನೊಳಗಿಂದ ಹೋದರೆ ದಾರಿ ಹತ್ತಿರವೆಂದು ಅತ್ತ ತಿರುಗಿದೆವು. ಗೇಟಿಗೆ ಪ್ಲಾಸ್ಟಿಕ್ ಹೊದಿಸಿದ ತಮಿಳು ಕಾಗದವೊಂದನ್ನು ಕಟ್ಟಿದ್ದರು. ಅಲ್ಲಿ ಯಾವಾಗಲೂ ಮನೆ ಬಾಡಿಗೆಯ ಕಾಗದ ಇರುತ್ತದೆ. ಇದೂ ಅದೇ ಎಂದುಕೊಂಡೆ. ಆಕೆ ಎಂದಿನಂತೆ ಹಿಂದೆ ನಿಂತು, ಬೆರಳನ್ನು ಗಾಳಿಯಲ್ಲೇ ಆಡಿಸುತ್ತ ಓದತೊಡಗಿದರು. ನಾನು ಚಿಲಕಕ್ಕೆ ಕೈ ಚಾಚಿದೆ.

"ಟೀಚರಮ್ಮ, ಮುಟ್ಬ್ಯಾಡಿ."

ಕೂಗಲಿಲ್ಲ. ಬಿಸಿ ಇಸ್ತ್ರಿಪೆಟ್ಟಿಗೆಯ ಹತ್ತಿರ ಮಗು ಹೋದರೆ ಹೇಳುವಂಥ ದನಿ. ಕೈ ನಿಂತಿತು.

"ಕರೆಂಟು ಹರೀತಾ ಐತೆ ಅಂತ ಬರ್ದವ್ರೆ. ಇನ್ನೊಂದ್ ಸಾಲೈತೆ, ಇರಿ." ಅದನ್ನೂ ಕೊನೆಯವರೆಗೆ ಓದಿ ಮುಗಿಸಿದರು. "ಯಾರೂ ಮುಟ್ಟಕೂಡದಂತೆ. ಹಿಂದಕ್ಕೆ ಬನ್ನಿ, ಮೆಲ್ಲಗೆ."

ಎದುರುಮನೆಯ ಜಗಲಿ ಹತ್ತಿ ನಿಂತೆವು. ಸ್ವಲ್ಪ ಹೊತ್ತಿಗೆ ಎಲೆಕ್ಟ್ರಿಷಿಯನ್ ಬಂದ. ರಬ್ಬರ್ ಬೂಟು ತೊಟ್ಟು ಟೆಸ್ಟರ್‌ನ ತುದಿಯನ್ನು ಗೇಟಿಗೆ ತಾಗಿಸಿದ. ಅದರ ಪುಟ್ಟ ದೀಪ ಹೊತ್ತಿಕೊಂಡಿತು. ಪಾರ್ಕಿನ ನೀರಿನ ಪಂಪಿನ ವೈರು ಹರಿದು ಗೇಟಿನ ಕಂಬಿಗೆ ತಗುಲಿತ್ತು. ನಾನು ಜಗಲಿಯ ಮೇಲೆ ಅಲ್ಲೇ ಕುಳಿತೆ.

ಆಕೆ ಪಕ್ಕದಲ್ಲಿ ಕುಳಿತರು. "ನಿಮ್ಗೆ ತಮಿಳು ಓದಕ್ ಬರಾಕಿಲ್ವಾ?"

"ಇಲ್ಲ."

"ಅಯ್ಯೋ ತಾಯಿ, ಒಂಬತ್ ವರ್ಸ ಹೆಂಗ್ ಕಾಲ ಹಾಕಿದ್ರಿ?"

"ನಿಮ್ಮ ಹಾಗೇ. ಅಂದಾಜಿನ ಮೇಲೆ."

"ನಾನು ಅಂದಾಜು ಬಿಟ್ಟು ಮೂರ್ ತಿಂಗಳಾಯ್ತು," ಎಂದರು.

ಎರಡು ಡಿಗ್ರಿ ಪಡೆದ ನಾನು ಕಾಗದವನ್ನು ಬರೀ ನೋಡಿದ್ದೆ, ಆಕೆ ಓದಿದ್ದರು. ಆಕೆಯ ಆ ನಿಧಾನಕ್ಕೇ ನಾನು ಎಷ್ಟು ಸಲ ಗೊಣಗಿದ್ದೆ ಎಂಬುದು ನೆನಪಾಗುತ್ತಲೇ ಇರುತ್ತದೆ. ನನಗೆ ತಮಿಳು ಓದಲು ಬಾರದ ವಿಷಯವನ್ನು ಆಕೆ ತರಗತಿಯಲ್ಲಿ ಯಾರ ಬಳಿಯೂ ಎತ್ತಲಿಲ್ಲ. ಮುಂದಿನ ಭಾನುವಾರ ನಾನೇ ಮೇಷ್ಟ್ರಿಗೆ ಹೇಳಿದೆ. ಅವರು ಒಂದು ಸ್ಲೇಟು ಕೊಟ್ಟರು. ಆಕೆ ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

ಈಗ ದಾರಿಯಲ್ಲಿ ಇಬ್ಬರೂ ನಿಲ್ಲುತ್ತೇವೆ. ಮೊನ್ನೆ ಒಂದು ಅಂಗಡಿಯ ಬೋರ್ಡು ತೋರಿಸಿ ಓದಿ ಎಂದರು. ಗಾಜಿನ ಹಿಂದೆ ಔಷಧಿಯ ಡಬ್ಬಗಳು ಕಾಣುತ್ತಿದ್ದವು. ಮೆಡಿಕಲ್ ಸ್ಟೋರ್ ಎಂದೆ.

ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟು ಕಪ್ಪಾದ ಬೆರಳಿನಿಂದ ನನ್ನ ಗದ್ದವನ್ನು ಬೋರ್ಡಿನ ಕಡೆಗೆ ಎತ್ತಿದರು.

"ಅಂಗ್ಡಿ ನೋಡ್ಬ್ಯಾಡಿ ಟೀಚರಮ್ಮ. ಅಕ್ಸರ ನೋಡಿ."