ನಗುವಿಗೆ ಬಿಟ್ಟ ಜಾಗ

ಸುಂಕಲಮ್ಮನ ಮಾತಿಗೆ ಮೂರು ತಾಲೂಕು ನಕ್ಕಿದ್ದು ನನ್ನ ಹಾರ್ಮೋನಿಯಂನಿಂದ. ಅದನ್ನು ಕೇಳಿದರೆ ತೆಕ್ಕಲಕೋಟೆಯ ಎಮ್ಮೆಗಳು ಎರಡು ಸೇರು ಹಾಲು ಹೆಚ್ಚು ಕೊಡುತ್ತಿದ್ದವು. ಮನುಷ್ಯರು ನಗದೆ ಇರುತ್ತಾರೆಯೇ?

ಸುಂಕಲಮ್ಮ ಕುರುಗೋಡಿನವಳು. ಊರವರು ಬಣ್ಣ ಹಚ್ಚಿ ಆಡುವ ನಾಟಕಗಳಿಗೆ ಹೊರಗಿನಿಂದ ಕರೆಸುವ ಹಾಸ್ಯಪಾತ್ರದ ಹೆಣ್ಣುಮಗಳು. ಎಷ್ಟೋ ನಾಯಕಿಯರು ಬಂದರು, ಮದುವೆಯಾಗಿ ಹೋದರು. ಇವಳು ಮಾತ್ರ ಮೂವತ್ತು ವರ್ಷ ಜಗಳಗಂಟಿ ಹೆಂಡತಿಯಾಗಿಯೇ ಉಳಿದಳು. ಒಂದು ಮಾತು ಎಸೆದು, ಬಾಯಿ ಅರೆ ತೆರೆದು, ಸುಮ್ಮನೆ ನಿಂತುಬಿಡುವಳು.

"ನಗಾಕ ಜಾಗ ಬಿಡಬೇಕ್ರೀ ಮಾಸ್ತರ," ಅನ್ನುತ್ತಿದ್ದಳು. ಆ ಜಾಗದಲ್ಲಿ ನಾನು ಹಾರ್ಮೋನಿಯಂ ಮುಟ್ಟುವಂತಿರಲಿಲ್ಲ. ಕರೂರಿನಲ್ಲೊಮ್ಮೆ ಜನ ನಕ್ಕ ರಭಸಕ್ಕೆ ಗದ್ದೆಯ ಕೊಕ್ಕರೆಗಳು ಆಂಧ್ರಕ್ಕೆ ಹಾರಿದವು, ಇನ್ನೂ ತಿರುಗಿ ಬಂದಿಲ್ಲ.

ಹೋದ ವರ್ಷ ಸಿರುಗುಪ್ಪದಲ್ಲಿ ಸಿನಿಮಾ ಶೂಟಿಂಗ್. ಸತ್ತವನ ಮನೆಗೆ ಬರುವ ಬಾಯಿಬಡುಕಿ ಅತ್ತೆಯ ಪಾತ್ರ ಇವಳಿಗೆ ಸಿಕ್ಕಿತು. ಒಂದೇ ಮಾತು: "ಅಳಬ್ಯಾಡವ್ವ, ಇದ್ದಾಗೂ ಮಧ್ಯಾಹ್ನದ ಮ್ಯಾಲೇ ಏಳ್ತಿದ್ದ. ತಡಿ, ಇನ್ನೂ ಹೊತ್ತೈತಿ!"

ಅಂದಳು, ನಿಂತಳು. ಯಾರೂ ನಗಲಿಲ್ಲ. ನಕ್ಕರೆ ಮೈಕಿನಲ್ಲಿ ಸೇರುತ್ತದಲ್ಲ!

"ಅಮ್ಮಾ, ಯಾಕೆ ಹಂಗೆ ನಿಂತ್ರಿ?" ಎಂದರು ನಿರ್ದೇಶಕರು.

ಏಳು ಸಲ ಅಂದಳು, ಏಳು ಸಲವೂ ನಿಂತಳು. ಮೂವತ್ತು ವರ್ಷದ ರೂಢಿ ಬಿಡುತ್ತದೆಯೇ?

ಸಿನಿಮಾ ಬಳ್ಳಾರಿಗೆ ಬಂದ ದಿನ ಮದುವೆಯ ಸೀರೆ ಉಟ್ಟು ಬಂದಳು. "ಸ್ಟೇಜಿನ ಮ್ಯಾಲೆ ನಿಂತು ನಗು ಕೇಳೀನ್ರಿ. ಮಂದಿ ನಡುವ ಕುಂತು ಕೇಳಿಲ್ಲ. ಅದೊಂದು ಆದ್ರ ಸಾಕು."

ಪರದೆಯ ಮೇಲೆ ಅವಳ ಮುಖ ಬಂತು. ಮಾತನ್ನು ಕತ್ತರಿಸಿದ್ದರು. ಉಳಿದದ್ದು ಆ ನಿಲುಗಡೆಯೊಂದೇ: ಅರೆ ತೆರೆದ ಬಾಯಿ, ನಗುವಿಗಾಗಿ ಕಾಯುವ ಕಣ್ಣು. ಅದರ ಮೇಲೆ ಪಿಟೀಲು ಹರಿಸಿದ್ದರು. ಟಾಕೀಜಿಗೆ ಟಾಕೀಜೇ ಅತ್ತಿತು. ಹಿಂದಿನ ಸಾಲಿನ ಹೆಂಗಸು ಸೆರಗಿನಿಂದ ಮೂಗೊರೆಸುತ್ತ, "ಎಂಥಾ ದುಃಖದ ಮಾರಿಯವ್ವ!" ಅಂದಳು. ಸುಂಕಲಮ್ಮ ಸೀರೆಯ ನೆರಿಗೆ ಹಿಡಿದು ಕೂತೇ ಇದ್ದಳು.

ಕುರುಗೋಡಿನ ಬಸ್ಸಿಗೆ ಕಾಯುವಾಗ ನಾನೇ ಅಂದೆ: "ಇಡೀ ಬಳ್ಳಾರಿನ ಅಳಿಸಿಬಿಟ್ಟಿ ಸುಂಕಲವ್ವ. ಅದೇನ್ ಸಣ್ಣ ಕೆಲಸೇನು?"

ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಳ್ಸೋದೇನ್ ದೊಡ್ಡದ್ರೀ ಮಾಸ್ತರ? ನಿಮ್ಮ ಹಾರ್ಮೋನಿಯಂ ಮೂವತ್ತು ವರ್ಷದಿಂದ ಅದನ್ನ ಮಾಡಿಕೊಂಡು ಬಂದೈತಲ್ರೀ!"