ಫಂಕ್ ಕಛೇರಿಯಲ್ಲಿ ಅತ್ತೆಯ ದನಿ

ನಾನು ಕೆಲಸ ಮಾಡುವುದು ಅಮೆರಿಕದ ಕೆಂಟ್‌ನಲ್ಲಿ, ವಿಮಾನದ ಬಿಡಿಭಾಗಗಳು ಎಷ್ಟು ಅದುರಿದರೆ ಮುರಿಯುತ್ತವೆ ಎಂದು ಪರೀಕ್ಷಿಸುವ ವಿಭಾಗದಲ್ಲಿ. ಪಕ್ಕದ ಮೇಜಿನ ಸಹೋದ್ಯೋಗಿ ನಿವೃತ್ತಿಗೆ ಹತ್ತಿರವಾದ ಅಮೆರಿಕನ್. ಬಿಡುವಿನಲ್ಲಿ ಅವರು ಟೇಪರ್. ಅಂದರೆ, ಸಂಗೀತಗಾರರ ಒಪ್ಪಿಗೆ ಪಡೆದು, ಪ್ರೇಕ್ಷಕರ ನಡುವೆಯೇ ಎತ್ತರದ ಕೋಲಿಗೆ ಎರಡು ಮೈಕು ಕಟ್ಟಿ, ಇಡೀ ಕಛೇರಿಯನ್ನು ಧ್ವನಿಮುದ್ರಿಸಿ, ತಮ್ಮಂಥವರಿಗೆ ಪುಕ್ಕಟೆ ಹಂಚುವವರು. ಟೇಪು ಹೋಗಿ ಎಷ್ಟೋ ಕಾಲವಾಗಿದೆ. ಹೆಸರು ಉಳಿದಿದೆ.

ಕಳೆದ ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ ಸರೋವರದ ದಂಡೆಯ ಪಾರ್ಕಿನಲ್ಲಿ ಫಂಕ್ ಎಂಬ ಕುಣಿಸುವ ಸಂಗೀತದ ಕಛೇರಿ ಇತ್ತು. ಬೇರೆ ಬೇರೆ ತಂಡಗಳ ಹೆಸರಾಂತ ಹಿರಿಯರು ಆ ಒಂದು ದಿನಕ್ಕೆಂದು ಒಂದೇ ವೇದಿಕೆ ಹತ್ತುವವರಿದ್ದರು. ಸಹೋದ್ಯೋಗಿಯ ಖಾಯಂ ಜೊತೆಗಾರನಿಗೆ ಮಂಡಿಯ ಆಪರೇಷನ್ ಆಗಿತ್ತು. ಯಾರೂ ಕೋಲಿಗೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಆಫೀಸಿನಲ್ಲಿ ಅತಿ ಕಡಿಮೆ ಮಾತಾಡುವವಳು ನೀನೇ ಎಂದು ನನ್ನನ್ನು ಕೇಳಿದರು. ಹೊಗಳಿಕೆಯೆಂದೇ ತಿಳಿದು ಒಪ್ಪಿಕೊಂಡೆ.

ಆಗ ಮಂಡ್ಯದಿಂದ ಬಂದಿದ್ದ ಅತ್ತೆ ಕೆನ್ಮೋರ್‌ನ ನಮ್ಮ ಮನೆಯಲ್ಲಿದ್ದರು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ.

"ಸಂಗೀತ ಅಂದ್ಮೇಲೆ ನಾನೂ ಬತ್ತೀನಿ ಕಣವ್ವ. ಇಲ್ಲಿ ಒಬ್ಳೇ ಕೂತ್ಕಂಡು ಗೋಡೆ ನೋಡ್ಲಾ?"

"ಅಲ್ಲಿ ಮಾತಾಡೋ ಹಾಗಿಲ್ಲ ಅತ್ತೆ. ಚಪ್ಪಾಳೆನೂ ತಟ್ಟೋ ಹಾಗಿಲ್ಲ. ನಾವಿರೋದು ಮೈಕ್ ಪಕ್ಕದಲ್ಲೇ."

"ನಾನ್ಯಾಕವ್ವ ಮಾತಾಡ್ಲಿ? ಬುಡು."

ಅವರು ಡಬ್ಬಿಗೆ ಕೋಡುಬಳೆ ತುಂಬಿದ್ದರು. ಕಡಿದರೆ ಸದ್ದಾಗುತ್ತದೆ ಎಂದು ತೆಗೆಸಿದೆ. ಬದಲಿಗೆ ರವೆ ಉಂಡೆ ಬಂತು.

ಕಛೇರಿ ಶುರುವಾಯಿತು. ಡ್ರಮ್ಮು, ಕಹಳೆಗಳು, ಮೂರು ಗಿಟಾರು. ಎಲ್ಲವನ್ನೂ ಹಿಡಿದು ನಡೆಸುತ್ತಿದ್ದುದು ಮಂದ್ರ ಸ್ವರದ ಬೇಸ್ ಗಿಟಾರು. ಅದನ್ನು ನುಡಿಸುತ್ತಿದ್ದವರು ಎಲ್ಲರಿಗಿಂತ ಹಿರಿಯರು, ಕುರ್ಚಿಯಲ್ಲಿ ಕೂತಿದ್ದರು. ಸುತ್ತಲಿನ ಜನ ಕುಣಿದರು. ನಾನು ಕೋಲು ಕಾದೆ. ಸಹೋದ್ಯೋಗಿ ಹೆಡ್‌ಫೋನ್ ಹಾಕಿಕೊಂಡು ರೆಕಾರ್ಡರ್ ನೋಡುತ್ತ ಕೂತರು. ಅತ್ತೆ ಮಡಿಸುವ ಕುರ್ಚಿಯಲ್ಲಿ ಕೂತು ಒಂದೂವರೆ ಗಂಟೆ ತುಟಿ ಬಿಚ್ಚಲಿಲ್ಲ. ಕಾಲಿನ ಹೆಬ್ಬೆರಳಲ್ಲಿ ಮಾತ್ರ ತಾಳ ಹಾಕುತ್ತಿದ್ದರು. ಅದಕ್ಕೆ ನಿಷೇಧವಿರಲಿಲ್ಲ.

ಒಂದು ಹಾಡಿನ ನಡುವೆ ಬೇಸ್‌ನ ಸದ್ದು ನಿಂತಿತು. ಡ್ರಮ್ಮಿನವರು ಆ ಕಡೆ ನೋಡಿ ಕೈ ತಡೆದರು. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಇದೂ ಹಾಡಿನದೇ ಭಾಗವೆಂದು ಜನ ಉಸಿರು ಬಿಗಿಹಿಡಿದು ಕಾದರು. ನಾನೂ ಹಾಗೆಯೇ ಅಂದುಕೊಂಡೆ. ಇಡೀ ಪಾರ್ಕು ನಿಶ್ಶಬ್ದವಾಯಿತು.

ಅತ್ತೆ ಎದ್ದು ನಿಂತರು.

"ಅಯ್ಯೋ, ಆ ಯಪ್ಪಂಗೆ ಸುಸ್ತಾಗದೆ! ಯಾರಾದ್ರೂ ಒಂದ್ ಲೋಟ ನೀರ್ ಕೊಡ್ರಪ್ಪಾ!"

ಗದ್ದೆಯ ಆಚೆ ಬದುವಿನಲ್ಲಿದ್ದವರನ್ನು ಕರೆದು ಅಭ್ಯಾಸವಿದ್ದ ಗಂಟಲು ಅದು. ಮೈಕುಗಳು ಎರಡು ಮಾರು ದೂರದಲ್ಲಿದ್ದವು.

ವೇದಿಕೆಯ ಮೇಲಿದ್ದ ಹಾಡುಗಾರ್ತಿ ಬಗ್ಗಿ ಆ ಹಿರಿಯರ ಮುಖ ನೋಡಿದರು, ತಮ್ಮ ಬಾಟಲಿ ಕೊಟ್ಟರು. ಅವರು ನಿಧಾನವಾಗಿ ಕುಡಿದರು, ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು, ನಮ್ಮ ಕಡೆ ಎಲ್ಲೋ ಬೆರಳು ತೋರಿಸಿ ಬಿಟ್ಟಲ್ಲಿಂದಲೇ ಶುರುಮಾಡಿದರು. ಜನ ಹುಚ್ಚೆದ್ದು ಕೂಗಿದರು. ಅವರು ಬೆರಳು ತೋರಿಸಿದ್ದು ಯಾರಿಗೋ ನನಗೆ ಗೊತ್ತಿಲ್ಲ. ಅತ್ತೆಗೆ ಆ ಬಗ್ಗೆ ಸಂಶಯವಿರಲಿಲ್ಲ.

ಕಛೇರಿ ಮುಗಿದ ಮೇಲೆ ಸಹೋದ್ಯೋಗಿ ವೈರು ಸುತ್ತಿಡುವಾಗ ಏನೂ ಅನ್ನಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಅವರ ಮೌನದ ಬಗ್ಗೆಯೇ ಯೋಚಿಸಿದೆ. ಅತ್ತೆ ಉಳಿದ ರವೆ ಉಂಡೆ ತಿಂದರು.

ಸೋಮವಾರ ಆಫೀಸಿನಲ್ಲಿ ಸಹೋದ್ಯೋಗಿ ಕುರ್ಚಿ ನನ್ನ ಕಡೆ ತಿರುಗಿಸಿದರು. ನಾನು ಕ್ಷಮೆ ಕೇಳಿದೆ. ಅದನ್ನು ಕೇಳಿಸಿಕೊಳ್ಳದೆ, ವೇದಿಕೆಯ ಇನ್ನೊಂದು ಬದಿಯಲ್ಲಿದ್ದ ಟೇಪರ್‌ನ ಪ್ರತಿಯನ್ನೂ ತರಿಸಿಕೊಂಡಿರುವುದಾಗಿ ಹೇಳಿದರು. ಅತ್ತೆಯ ಕೂಗನ್ನು ಕತ್ತರಿಸಿ ಆ ಜಾಗವನ್ನು ಅದರಿಂದ ತುಂಬಿಸಬಹುದೇನೋ ಅಂದುಕೊಂಡಿದ್ದರಂತೆ. ಅದರಲ್ಲೂ ಅತ್ತೆಯ ಮಾತು ಸ್ಪಷ್ಟವಾಗಿತ್ತು.

"ಅವರು ಏನಂದರು?" ಎಂದು ಕೇಳಿದರು.

ಇಂಗ್ಲಿಷಿನಲ್ಲಿ ಹೇಳಿದೆ. ಸದ್ದು ನಿಂತಾಗ ತಾವು ವೈರು ಸಡಿಲವಾಯಿತೆಂದು ಹುಡುಕುತ್ತಿದ್ದುದಾಗಿ ಹೇಳಿದರು. ಆ ಮನುಷ್ಯನ ಸಂಗೀತ ಕೇಳುತ್ತಲೇ ತಾನು ಮುದುಕನಾದೆ, ಆದರೆ ಅವತ್ತು ತಲೆಯೆತ್ತಿ ಅವನ ಮುಖ ನೋಡಲಿಲ್ಲ ಎಂದರು. ನಾನೂ ಕೋಲನ್ನೇ ಕಾಯುತ್ತಿದ್ದೆ. ಅದನ್ನು ಹೇಳಲು ಧೈರ್ಯ ಬರಲಿಲ್ಲ.

ಅವರು ಆ ಭಾಗವನ್ನು ಕತ್ತರಿಸದೆ ಹಂಚಿದರು. ಜೊತೆಗಿದ್ದ ವಿವರದಲ್ಲಿ ಮೈಕುಗಳ ಮಾದರಿಯ ಕೆಳಗೆ ಅತ್ತೆಯ ಮಾತಿನ ಅರ್ಥವನ್ನೂ ಬರೆದರು.

ಮುಂದಿನ ಭಾನುವಾರ ಅವರೇ ಮನೆಗೆ ಬಂದು ಹೆಡ್‌ಫೋನನ್ನು ಅತ್ತೆಯ ಕಿವಿಗೆ ಹಾಕಿದರು. ಅತ್ತೆ ಕಣ್ಣು ಮುಚ್ಚಿ ತಮ್ಮ ದನಿ ಕೇಳಿದರು. ಆಮೇಲೂ ಅದನ್ನು ತೆಗೆಯಲಿಲ್ಲ. ಹಾಡು ಪೂರ್ತಿ ಮುಗಿಯುವವರೆಗೆ ಕೇಳಿ, "ಆ ಯಪ್ಪ ಹುಷಾರಾಗವ್ರೆ, ಕೈ ಗಟ್ಟಿಯಾಗೇ ಅದೆ" ಎಂದರು. ಸಹೋದ್ಯೋಗಿ ನನ್ನತ್ತ ನೋಡಿದರು. ನಾನು ಅನುವಾದಿಸಿದೆ.